ಅಟ್ಟದ ಗೋಡೆಯಲ್ಲಿ ಕಡಜ: ಗುರುತಿಸಿದ್ದು, ತೆಗೆದದ್ದು, ಬಿಲ ಮುಚ್ಚಿದ್ದು

ಜಾಗ: ಸಾಗರ ತಾಲ್ಲೂಕಿನ ಹಳೆಯ ಹಂಚಿನ ಮನೆ. ಜಂಬಿಟ್ಟಿಗೆ ಗೋಡೆ, ಮರದ ಅಟ್ಟ, ಅಂಗಳದಾಚೆ ಅಡಿಕೆ ತೋಟ.
ಕಾಲ: ಅಕ್ಟೋಬರ್. ಮಳೆ ಹಿಂದೆ ಸರಿದಿದೆ, ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವುದು) ಇನ್ನೂ ಶುರುವಾಗಿಲ್ಲ.
ತೊಂದರೆ: ಸೂರಿನ ಕೆಳಗಿನ ಸಂದಿಯಲ್ಲಿ ದೊಡ್ಡ ಹುಳು ಹೋಗಿ ಬರುತ್ತಿವೆ. ಅಟ್ಟದಲ್ಲಿ ರಾತ್ರಿ ಪರಪರ ಸದ್ದು. ಇದಲ್ಲದೆ ಕಿಟಕಿ, ಗೇಟು, ಪಂಪ್‌ಹೌಸ್‌ಗಳಲ್ಲೂ ಬೇರೆ ಬೇರೆ ಗೂಡುಗಳು.

ಹಂತ 1: ಯಾವ ಹುಳು ಎಂದು ನೋಡುವುದು

ಪಂಪು, ಔಷಧಿ ಯಾವುದನ್ನೂ ಮುಟ್ಟುವ ಮೊದಲು ಒಂದು ಬೆಳಿಗ್ಗೆಯನ್ನು ನೋಡುವುದಕ್ಕೇ ಮೀಸಲಿಡಬೇಕು. 8ರಿಂದ 10 ಗಂಟೆ ಒಳ್ಳೆಯ ಸಮಯ: ಬಿಸಿಲು ಏರಿರುತ್ತದೆ, ಹುಳುಗಳ ಓಡಾಟ ಜೋರಾಗಿರುತ್ತದೆ. ಗೂಡಿನಿಂದ ಕನಿಷ್ಠ 8 ಮೀಟರ್ ದೂರ, ಅವು ಹಾರುವ ದಾರಿಗೆ ಅಡ್ಡವಾಗದಂತೆ ಪಕ್ಕಕ್ಕೆ ನಿಂತು, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಫೋಟೊ ತೆಗೆದರೆ ಸಾಕು. ಈ ಮನೆಯ ಸುತ್ತ ನಾಲ್ಕು ಬಗೆ ಸಿಕ್ಕವು.

ಕಿಟಕಿಯ ಚೌಕಟ್ಟಿನಲ್ಲಿ ಮತ್ತು ಗೇಟಿನ ಚಿಲಕದ ಹಿಂದೆ ಇದ್ದದ್ದು ಕಾಗದದ ಗೂಡಿನ ಸಣ್ಣ ಕಣಜ, ರೊಪಾಲಿಡಿಯಾ ಮಾರ್ಜಿನೇಟ. ಇಟ್ಟಿಗೆ ಕೆಂಪು ಬಣ್ಣ, ಸಣ್ಣ ಸೊಂಟ, ಹೊಟ್ಟೆಯ ಮೇಲೆ ಒಂದು ತೆಳು ಹಳದಿ ಗೆರೆ. ಗೂಡಿಗೆ ಹೊದಿಕೆ ಇಲ್ಲ. ಕೋಣೆಗಳೆಲ್ಲ ಬಯಲಿಗೇ ಕಾಣುತ್ತವೆ, ಇಡೀ ಗೂಡು ಒಂದು ಸಣ್ಣ ತೊಟ್ಟಿನ ಮೇಲೆ ನೇತಾಡುತ್ತದೆ. ಇರುವೆ ಹತ್ತದಂತೆ ಆ ತೊಟ್ಟಿಗೆ ಅವು ತಮ್ಮ ಮೈಯಿಂದ ಒಸರುವ ದ್ರವ ಬಳಿಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಅಧ್ಯಯನ ಮಾಡಿದ ಕಣಜ ಇದೇ. ವರ್ಷವಿಡೀ ಗೂಡು ಕಾಣುವುದರಿಂದ ಚಳಿಗಾಲಕ್ಕೆ ತಾನಾಗಿ ಹೋಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಪಂಪ್‌ಹೌಸ್ ಗೋಡೆಯಲ್ಲಿ ಮಣ್ಣಿನ ಉಂಡೆಗಳು. ಇದು ಒಂಟಿಯಾಗಿ ಬದುಕುವ ಮಣ್ಣಿನ ಗೂಡಿನ ಕಣಜ, ಸೆಲಿಫ್ರಾನ್. ದಾರದಂಥ ಉದ್ದ ಸೊಂಟ ನೋಡಿದರೆ ಸಾಕು, ಗುರುತು ತಪ್ಪುವುದಿಲ್ಲ. ಕಾಯಲು ಕಾವಲುಪಡೆ ಇಲ್ಲದ್ದರಿಂದ ಇದು ಕಚ್ಚಲು ಅಟ್ಟಿಸಿಕೊಂಡು ಬರುವುದಿಲ್ಲ.

ಹಲಸಿನ ಮರದ ಕೊಂಬೆಯಲ್ಲಿ, ಸುಮಾರು 7 ಮೀಟರ್ ಎತ್ತರದಲ್ಲಿ, ಬೂದುಗಂದು ಬಣ್ಣದ ದೊಡ್ಡ ಮುಚ್ಚಿದ ಗೂಡು. ಹುಳು ಕಪ್ಪು, ಹೊಟ್ಟೆಯ ಮುಂದಿನ ಎರಡು ಭಾಗ ಪೂರ್ತಿ ಕಿತ್ತಳೆ ಹಳದಿ. ಇದು ಕಡಜ, ಅಂದರೆ ಕಣಜದ ದೊಡ್ಡ ಬಗೆ: ವೆಸ್ಪಾ ಅಫಿನಿಸ್. ಮರ, ಪೊದೆ, ಸೂರು, ಹೀಗೆ ಬಯಲಲ್ಲಿ ನೇತು ಬೀಳುವ ಗೂಡು ಕಟ್ಟುತ್ತದೆ.

ಸೂರಿನ ಸಂದಿಗೆ ನುಗ್ಗುತ್ತಿದ್ದದ್ದು ಇದಕ್ಕಿಂತ ದಪ್ಪ, ಕಡುಗಂದು ಕಪ್ಪು, ಹೊಟ್ಟೆಗೆ ಒಂದೇ ಒಂದು ಅಗಲ ಹಳದಿ ಪಟ್ಟಿ. ಇದೂ ಕಡಜವೇ, ವೆಸ್ಪಾ ಟ್ರಾಪಿಕಾ. ನೆಲದ ಬಿಲ, ಮರದ ಪೊಟರೆ, ಗೋಡೆಯ ಪೊಳ್ಳು ಇದಕ್ಕೆ ಇಷ್ಟ. ಸಣ್ಣ ಕಣಜಗಳ ಗೂಡಿಗೆ ದಾಳಿ ಮಾಡಿ ಮರಿಹುಳುಗಳನ್ನು ಹೊತ್ತುಕೊಂಡು ಹೋಗುವುದೂ ಇದೇ. ಹಾಗಾಗಿ ಕಿಟಕಿಯ ಸಣ್ಣ ಗೂಡಿನ ಮುಂದೆ ಒಂದು ಕಡಜ ಸುಳಿದಾಡುತ್ತಿದೆ ಎಂದ ಮಾತ್ರಕ್ಕೆ ಅದರ ಗೂಡು ಅಲ್ಲೇ ಇದೆ ಎಂದುಕೊಳ್ಳಬಾರದು. ಅದು ಬೇಟೆಗೆ ಬಂದಿರುತ್ತದೆ. ಒಂದೇ ತೂತಿಗೆ ಬೇರೆ ಬೇರೆ ಹುಳುಗಳು ಒಂದರ ಹಿಂದೊಂದು ನೇರವಾಗಿ ಬಂದು ಇಳಿದರೆ ಮಾತ್ರ ಗೂಡು ಅಲ್ಲಿದೆ ಎಂದರ್ಥ.

ಜೇನಲ್ಲ ಎಂಬುದನ್ನೂ ಇಲ್ಲೇ ಖಾತ್ರಿ ಮಾಡಿಕೊಳ್ಳಬೇಕು. ಗೋಡೆಯ ಪೊಳ್ಳಿನಲ್ಲಿ ತುಡುವೆ ಜೇನೂ ಕೂರುತ್ತದೆ. ತುಡುವೆಯ ಮೈಮೇಲೆ ರೋಮ ಇರುತ್ತದೆ, ಹಿಂಗಾಲಿನಲ್ಲಿ ಪರಾಗದ ಉಂಡೆ ಹೊತ್ತು ಬರುತ್ತದೆ. ಕಡಜದ ಕಾಲಿನಲ್ಲಿ ಪರಾಗ ಇರುವುದಿಲ್ಲ. ತುಡುವೆಯಾದರೆ ಔಷಧಿ ಹೊಡೆಯುವ ಮಾತೇ ಬೇಡ, ಊರಿನ ಜೇನು ಸಾಕುವವರನ್ನು ಕರೆದರೆ ಪೆಟ್ಟಿಗೆಗೆ ತುಂಬಿಕೊಂಡು ಹೋಗುತ್ತಾರೆ. ಹೆಜ್ಜೇನು ಗೋಡೆಯೊಳಗೆ ಕೂರುವುದಿಲ್ಲ. ಒಂದೇ ದೊಡ್ಡ ಹುಟ್ಟು, ಅದರ ಮೇಲೆ ಹುಳುಗಳದೇ ಪರದೆ.

ಹಂತ 2: ಯಾವುದನ್ನು ಬಿಡುವುದು

ನಮ್ಮ ನಿರ್ಧಾರ ಹೀಗೆ. ಕಿಟಕಿಯ ಮೇಲ್ಚೌಕಟ್ಟಿನ ಗೂಡು ಕೈಗೆ ಎಟುಕದ ಎತ್ತರದಲ್ಲಿತ್ತು, ಆ ಕಿಟಕಿಯನ್ನು ತೆರೆಯುವುದೂ ಇಲ್ಲ. ಬಿಟ್ಟೆವು. ತರಕಾರಿ ಗಿಡದ ಎಲೆ ತಿನ್ನುವ ಹುಳುಗಳನ್ನು ಈ ಕಣಜ ಬೇಟೆಯಾಡುತ್ತದೆ, ಹಿತ್ತಲಿಗೆ ಅದು ಲಾಭವೇ. ಗೇಟಿನ ಚಿಲಕದ ಗೂಡು ದಿನಕ್ಕೆ ಹತ್ತು ಸಲ ಕೈ ಹೋಗುವ ಜಾಗ, ತೆಗೆಯಲೇಬೇಕು. ಹಲಸಿನ ಮರದ್ದು ಬಿಡಬಹುದು, ಆದರೆ ಷರತ್ತಿನ ಮೇಲೆ. ಅಟ್ಟದ್ದು ಬಿಡುವಂತಿಲ್ಲ: ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗುತ್ತಾರೆ.

ಹಂತ 3: ಗೇಟಿನ ಚಿಲಕದ ಗೂಡು

1 ಲೀಟರ್ ನೀರಿಗೆ 30 ಮಿ.ಲೀ. ಪಾತ್ರೆ ತೊಳೆಯುವ ಲಿಕ್ವಿಡ್. ಗಿಡಕ್ಕೆ ಹೊಡೆಯುವ 2 ಲೀಟರಿನ ಕೈಪಂಪು, ನಳಿಗೆಯನ್ನು ತೆಳುಮಂಜಿಗಲ್ಲ, ಗಟ್ಟಿ ಧಾರೆಗೆ ತಿರುಗಿಸಿದ್ದು. ಕತ್ತಲಾದ ಮೇಲೆ 2 ಮೀಟರ್ ದೂರದಿಂದ ಗೂಡು ಪೂರ್ತಿ ತೊಯ್ಯುವಂತೆ ಹೊಡೆಯಬೇಕು. ಕಣಜ ಉಸಿರಾಡುವುದು ಹೊಟ್ಟೆಯ ಪಕ್ಕದ ಸಣ್ಣ ರಂಧ್ರಗಳಿಂದ. ಬರೀ ನೀರು ಅಲ್ಲಿಂದ ಜಾರಿಹೋಗುತ್ತದೆ, ಸೋಪಿನ ನೀರು ಒಳಗೆ ಇಳಿಯುತ್ತದೆ. ಮಂಜಿನಂತೆ ಹೊಡೆದರೆ ಅರ್ಧ ತೊಯ್ದ ಹುಳು ಹಾರಿಬರುತ್ತದೆ, ಅದಕ್ಕೇ ಧಾರೆ ಬೇಕು.

ಆಮೇಲೆ ಪುಟ್ಟಿ ಬಳಿಯುವ ಪಟ್ಟಿಯಿಂದ ತೊಟ್ಟನ್ನು ಬುಡಕ್ಕೇ ಕತ್ತರಿಸಿ, ಅಂಟಿದ ಕಪ್ಪು ಚುಕ್ಕೆಯನ್ನು ಸೋಪು ಹಾಕಿ ಉಜ್ಜಿದೆವು. ಹೊರಗೆ ಹೋಗಿದ್ದ ಹೆಣ್ಣು ಕಣಜಗಳು ಮರಳಿ ಬಂದು ಅಲ್ಲೇ ಆಸುಪಾಸಿನಲ್ಲಿ ಹೊಸ ಗೂಡು ಶುರು ಮಾಡುವುದುಂಟು. ಇಲ್ಲೂ ಗೇಟಿನ ಕಂಬದ ಹಿಂದೆ ನಾಲ್ಕೈದು ಕೋಣೆಗಳ ಗೂಡು ಎದ್ದಿತ್ತು. ಅಷ್ಟು ಚಿಕ್ಕದಿದ್ದಾಗ ರಾತ್ರಿ ಒಂದು ಸಲ ಸೋಪಿನ ನೀರು ಹೊಡೆದರೆ ಮುಗಿಯುತ್ತದೆ. ಒಂದು ವಾರ ಆ ಜಾಗ ನೋಡುತ್ತಿರಬೇಕು.

ಹಂತ 4: ಪಂಪ್‌ಹೌಸಿನ ಮಣ್ಣಿನ ಗೂಡು

ಮೇನ್ ಸ್ವಿಚ್ ಇಳಿಸಿ, ಟೆಸ್ಟರ್ ಇಟ್ಟು ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸ್ಟಾರ್ಟರ್ ಡಬ್ಬಿ ತೆರೆದು ನೋಡಿದಾಗ ವೈರು ಒಳಬರುವ ತೂತಿನಲ್ಲೂ ಮಣ್ಣು ತುಂಬಿತ್ತು. ಇಲ್ಲಿ ನೀರು ಬಳಸುವಂತಿಲ್ಲ. ಒಣ ಬ್ರಷ್ ಮತ್ತು ಮರದ ಕಡ್ಡಿಯಿಂದಲೇ ಕೆರೆದು ತೆಗೆದು, ತೂತಿಗೆ ರಬ್ಬರ್ ಗ್ರೋಮೆಟ್ (ವೈರಿನ ಸುತ್ತ ಕೂರುವ ಬಳೆ) ಹಾಕಿದೆವು. ಗೋಡೆಯ ಉಂಡೆಗಳಲ್ಲಿ ದುಂಡನೆ ತೂತು ಬಿದ್ದಿದ್ದರೆ ಮರಿ ಹಾರಿಹೋಗಿದೆ, ಗೂಡು ಖಾಲಿ. ತೂತಿಲ್ಲದ್ದನ್ನು ಒಡೆದರೆ ಒಳಗೆ ಮರಿಗೆಂದು ತುಂಬಿಟ್ಟ ಜೇಡಗಳು ಸಿಗುತ್ತವೆ. ಪಕ್ಕದ ನಲ್ಲಿ ಸೋರುತ್ತಿತ್ತು, ಹುಳು ಮಣ್ಣು ಕಲಸಿಕೊಳ್ಳುತ್ತಿದ್ದದ್ದು ಅಲ್ಲೇ. ವಾಷರ್ ಬದಲಿಸಿದ್ದರಿಂದ ಹತ್ತಿರದ ಹಸಿಮಣ್ಣು ಇಲ್ಲವಾಯಿತು.

ಹಂತ 5: ಅಟ್ಟದ ಕೆಲಸಕ್ಕೆ ಸಿದ್ಧತೆ

ಇಲ್ಲಿಂದ ಮುಂದಿನದು ಒಬ್ಬರೇ ಮಾಡುವ ಕೆಲಸವಲ್ಲ. ಹಿಂದೆ ಕಚ್ಚಿಸಿಕೊಂಡು ಮೈಯೆಲ್ಲ ದದ್ದೆದ್ದವರು, ಉಸಿರು ಕಟ್ಟಿದವರು ಹತ್ತಿರವೂ ಬರಬಾರದು. ಜೇನ್ನೊಣದ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಕಡಜ ಮುಳ್ಳು ಕಳೆದುಕೊಳ್ಳುವುದಿಲ್ಲ, ಒಂದೇ ಹುಳು ಮತ್ತೆ ಮತ್ತೆ ಕಚ್ಚಬಲ್ಲದು. ಗೂಡಿನ ಬಳಿ ಒಂದನ್ನು ಜಜ್ಜಿದರೆ ಅದರ ವಿಷದ ವಾಸನೆಗೇ ಉಳಿದವು ಎದ್ದು ಬರುತ್ತವೆ.

ಕಚ್ಚಿದ ಮೇಲೆ ಗಂಟಲು ಬಿಗಿಯುವುದು, ತುಟಿ ನಾಲಿಗೆ ಊದುವುದು, ತಲೆಸುತ್ತು, ವಾಂತಿ ಕಂಡರೆ ತಡಮಾಡದೆ 108. ಅದಕ್ಕೆ ಬೇಕಿರುವುದು ಅಡ್ರಿನಲಿನ್ ಚುಚ್ಚುಮದ್ದು, ಸುಣ್ಣ ಅರಿಸಿನವಲ್ಲ. ಬಹಳ ಹುಳು ಕಚ್ಚಿದ್ದರೆ ಈಗ ಆರಾಮಿದ್ದೇನೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ವಿಷ ಸ್ನಾಯುಗಳನ್ನು ಕೆಡಿಸಿ ಮೂತ್ರಪಿಂಡಕ್ಕೆ ಹೊಡೆತ ಕೊಡಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು ಅದರ ಲಕ್ಷಣ. ಹೊರಡಲು ಸಿದ್ಧವಾಗಿ ಒಂದು ವಾಹನ, ಓಡಿಸುವವರ ಸಮೇತ, ಅಂಗಳದಲ್ಲಿರಬೇಕು.

ಉಡುಪು: ಜೇನು ಸಾಕುವವರ ಮುಸುಕಿನ ಅಂಗಿ, ಅದರೊಳಗೆ ದಪ್ಪ ಬಟ್ಟೆ ಎರಡು ಪದರ, ಮೇಲೆ ಸಡಿಲ ರೇನ್‌ಕೋಟ್, ಗಮ್‌ಬೂಟು, ಮೊಣಕೈವರೆಗಿನ ರಬ್ಬರ್ ಕೈಗವಸು. ಕೈ ಮತ್ತು ಕಾಲಿನ ಸಂದಿಗೆ ಟೇಪು ಸುತ್ತಬೇಕು. ಮುಸುಕಿನ ಬಲೆ ಮುಖಕ್ಕೆ ತಾಗದಂತೆ ಒಳಗೆ ಅಂಚಗಲದ ಟೋಪಿ ಇರಲೇಬೇಕು, ತಾಗಿದರೆ ಬಲೆಯ ಮೂಲಕವೇ ಕಚ್ಚುತ್ತವೆ. ಔಷಧಿ ಹೊಡೆಯುವವರಿಗೆ ಕನ್ನಡಕ ಮತ್ತು ಮಾಸ್ಕ್.

ಗೂಡು ಎಲ್ಲಿದೆ ಎಂದು ತಿಳಿಯಲು ಸ್ಟೀಲ್ ಲೋಟ ಸಾಕಾಯಿತು. ರಾತ್ರಿ ಅಟ್ಟದ ಒಳಗಿನಿಂದ ಲೋಟದ ಬಾಯನ್ನು ಗೋಡೆಗೆ ಮೆಲ್ಲಗೆ ಒತ್ತಿ, ತಳಕ್ಕೆ ಕಿವಿಯಿಟ್ಟು, ಒಂದೊಂದು ಅಡಿ ಸರಿಸುತ್ತಾ ಹೋದರೆ ಕಾಗದ ಕೆರೆದಂಥ ಸದ್ದು ಒಂದು ಕಡೆ ಸ್ಪಷ್ಟವಾಗುತ್ತದೆ. ಗೋಡೆಯಲ್ಲಿದ್ದ ಹಳೆಯ ಮಾಡವೊಂದಕ್ಕೆ (ಸಾಮಾನಿಡುವ ಪೊಳ್ಳು) ಹಲಗೆ ಬಡಿದು ಮುಚ್ಚಿದ್ದರು. ಸದ್ದು ಅದರ ಹಿಂದಿನಿಂದ. ಕೆಳಗಿನ ಹಲಗೆಯಲ್ಲಿ ಕಂದು ಕಲೆಯೂ ಇತ್ತು. ಹೊರಗಿನ ತೂತು ನೆಲದಿಂದ 3.4 ಮೀಟರ್ ಎತ್ತರ, 22 ಮಿ.ಮೀ. ಅಗಲ, ಗೂಡಿನ ಜಾಗಕ್ಕಿಂತ ಅರ್ಧ ಮೀಟರ್ ಬಲಕ್ಕೆ. ಲೋಟಕ್ಕೆ ಚಾಕ್ ಹಿಡಿದು ಸುತ್ತ ಗುರುತು ಹಾಕಿಕೊಂಡೆವು.

ಹಲಗೆಗಳ ಸಂದಿಗೆ ಒಳಗಿನಿಂದ ಬಟ್ಟೆ ಟೇಪು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಇದನ್ನು ಮಾಡದಿದ್ದರೆ ಔಷಧಿ ತಾಗಿದ ಹುಳು ಬೆಳಕು ಕಂಡ ಕಡೆಗೆ, ಅಂದರೆ ಕೋಣೆಯೊಳಗೆ ಬರುತ್ತದೆ. ಕೋಣೆಯ ದೀಪ ಆರಿಸಿ, ಬಾಗಿಲ ಕೆಳಗೆ ಒದ್ದೆ ಬಟ್ಟೆ ತುರುಕಿ, ಮನೆಯವರನ್ನು, ನಾಯಿ ಬೆಕ್ಕುಗಳನ್ನು ಆಚೆಮನೆಗೆ ಕಳಿಸಿದೆವು. ಮುಂದೆ ಬಳಸಲಿರುವ ಪೈರೆಥ್ರಾಯ್ಡ್ ಬಗೆಯ ಕೀಟನಾಶಕಗಳು ಮೀನಿಗೆ ಘೋರ ವಿಷ, ಬೆಕ್ಕಿಗೂ ಒಳ್ಳೆಯದಲ್ಲ. ಬಾವಿಗೆ ಟಾರ್ಪಾಲು ಮುಚ್ಚಿದೆವು.

ಹಂತ 6: ಮೊದಲ ಪ್ರಯತ್ನ, ಸ್ಪ್ರೇ ಡಬ್ಬಿ (ಫಲ ಕೊಡಲಿಲ್ಲ)

ಸಂಜೆ 7:30. ಹೊರಗಿನ ತೂತಿಗೆ ಹಾರುವ ಹುಳುಗಳ ಸ್ಪ್ರೇ, ಎರಡು ಡಬ್ಬಿ, ಉದ್ದ ಕೊಳವೆ ಸಿಕ್ಕಿಸಿ. ತೂತಿನ ಬಾಯಲ್ಲಿ ಕಾವಲಿದ್ದವು ಸತ್ತು ಬಿದ್ದವು. ಬೆಳಿಗ್ಗೆ ನೋಡಿದರೆ ಓಡಾಟ ಹಾಗೇ ಇತ್ತು: ಹಿಂದಿನ ದಿನ 5 ನಿಮಿಷಕ್ಕೆ 37 ಹುಳು ಒಳಗೆ ಹೋಗಿದ್ದರೆ ಈಗ 29.

ಕಾರಣ ಎರಡು. ತೂತಿನಿಂದ ಗೂಡಿಗೆ ದಾರಿ ನೇರವಿಲ್ಲ, ಕಲ್ಲಿನ ಮೂಲೆಗೆ ಬಡಿದು ಸ್ಪ್ರೇ ಅಲ್ಲೇ ನಿಲ್ಲುತ್ತದೆ. ಒಳಗೆ ತಲುಪಿದ ಅಷ್ಟಿಷ್ಟೂ ಗೂಡಿನ ಕಾಗದದ ಹೊದಿಕೆಗೆ ತಾಗುತ್ತದೆಯೇ ಹೊರತು ಅಂತಸ್ತುಗಳ ನಡುವೆ ಕೂತ ಹುಳುಗಳಿಗಲ್ಲ. ಬಯಲಲ್ಲಿ ನೇತಾಡುವ ಸಣ್ಣ ಗೂಡಿಗೆ ಸರಿಹೋಗುವ ಔಷಧಿ ಗೋಡೆಯೊಳಗಿನದಕ್ಕೆ ಹೋಗುವುದಿಲ್ಲ.

ಈ ಹಂತದಲ್ಲಿ ಹೆಚ್ಚಿನವರು ಮಾಡುವುದು ತೂತಿಗೆ ಸಿಮೆಂಟ್ ಮೆತ್ತುವುದು. ಅದನ್ನು ಮಾಡಲೇಬಾರದು. ಮರ ಅಗಿದು ಕಾಗದ ಮಾಡುವ ದವಡೆ ಅವುಗಳದ್ದು. ಹಸಿ ಗಾರೆ, ಹಳೆಯ ಹಲಗೆ, ಜಿಪ್ಸಮ್ ಯಾವುದನ್ನಾದರೂ ಕೊರೆದು ಇನ್ನೊಂದು ಕಡೆಯಿಂದ ಹೊರಡುತ್ತವೆ. ಆ ಇನ್ನೊಂದು ಕಡೆ ಮಲಗುವ ಕೋಣೆಯಾಗಿರಬಹುದು. ತೆಂಗಿನ ಮಡಲಿನ ಸೂಡಿ (ದೊಂದಿ) ಹಚ್ಚಿ ಹಿಡಿಯುವುದು ಇನ್ನೂ ಅಪಾಯ: ಸೂರಿನಲ್ಲಿ ಹಂಚು ಹೊರುವ ಒಣಗಿದ ರೀಪು, ಪಕಾಸಿ, ಜೊತೆಗೆ ಜೇಡರಬಲೆ, ಅಟ್ಟದಲ್ಲಿ ಅಡಿಕೆ ಹಾಳೆ. ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದೂ ಅಷ್ಟೇ.

ಹಂತ 7: ಪುಡಿ

ಗೋಡೆಯೊಳಗಿನ ಗೂಡಿಗೆ ಬೇಕಾದದ್ದು ಪುಡಿ ಔಷಧಿ. ತೂತಿನ ಬಾಯಲ್ಲಿ ಪುಡಿ ಕೂತರೆ ಹೋಗಿ ಬರುವ ಪ್ರತಿ ಹುಳುವೂ ಅದನ್ನು ಕಾಲಿಗೆ, ರೆಕ್ಕೆಗೆ ಅಂಟಿಸಿಕೊಂಡು ಒಳಕ್ಕೆ ಸಾಗಿಸುತ್ತದೆ. ಹಾಗಾಗಿ ತೂತು ತೆರೆದೇ ಇರಬೇಕು. ಬಳಸಿದ್ದು ಮನೆಬಳಕೆಗೆ ಒಪ್ಪಿಗೆಯಿರುವ ಪೈರೆಥ್ರಾಯ್ಡ್ ಪುಡಿ, ಸುಮಾರು 25 ಗ್ರಾಂ. ತೋಟಕ್ಕೆಂದು ತಂದಿಟ್ಟ ಪುಡಿಯನ್ನು ಮನೆಯ ಗೋಡೆಗೆ ಹೊಡೆಯಬಾರದು. ಹಣ ಪಡೆದು ಈ ಕೆಲಸ ಮಾಡುವವರಿಗೆ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಹೊರಗಿನವರನ್ನು ಕರೆಸುವುದಾದರೆ ಅದನ್ನು ಕೇಳಿ ನೋಡಿ.

ಪುಡಿ ಊದಲು ಹಿಸುಕುವ ರಬ್ಬರ್ ಡಬ್ಬಿ, ಅದರ ಮೂತಿಗೆ ಅರ್ಧ ಇಂಚಿನ ಪಿವಿಸಿ ಪೈಪು, 3 ಮೀಟರ್. ಇದರಿಂದ ಏಣಿ ಹತ್ತುವ ಪ್ರಮೇಯವೇ ಬರಲಿಲ್ಲ. ಏಣಿಯ ಮೇಲೆ ಕಡಜ ಕಚ್ಚಿದರೆ ಬಿದ್ದು ಆಗುವ ಪೆಟ್ಟೇ ದೊಡ್ಡದು. ಡಬ್ಬಿಯನ್ನು ಮೂರನೇ ಒಂದು ಭಾಗ ಮಾತ್ರ ತುಂಬಬೇಕು. ಒಳಗೆ ಗಾಳಿ ಇಲ್ಲದಿದ್ದರೆ ಪುಡಿ ಹೊಗೆಯಂತೆ ಏಳದೆ ಮುದ್ದೆಯಾಗಿ ಪೈಪಿನಲ್ಲಿ ಕಟ್ಟುತ್ತದೆ. ಮಲೆನಾಡಿನ ತೇವಕ್ಕೆ ಪೈಪಿನ ಒಳಗೋಡೆಯೂ ಒದ್ದೆಯಾಗಿರುತ್ತದೆ, ಮಧ್ಯಾಹ್ನವೇ ಬಿಸಿಲಿಗಿಟ್ಟು ಒಣಗಿಸಿಕೊಳ್ಳಬೇಕು. ಡಬ್ಬಿಗೆ ನಾಲ್ಕು ಸಣ್ಣ ಗೋಲಿ ಹಾಕಿ ಅಲ್ಲಾಡಿಸಿದರೆ ಪುಡಿ ಗಂಟು ಕಟ್ಟುವುದಿಲ್ಲ.

ರಾತ್ರಿ 8 ಗಂಟೆ, ಗಾಳಿಯಿಲ್ಲ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಪದರ. ಕೆಂಪು ಬೆಳಕು ಅವುಗಳ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆದರೂ ಟಾರ್ಚನ್ನು ಕೈಯಲ್ಲಿ ಹಿಡಿಯದೆ 4 ಮೀಟರ್ ಪಕ್ಕಕ್ಕೆ ಸ್ಟೂಲಿನ ಮೇಲಿಟ್ಟೆವು. ಹೊರಬಂದ ಹುಳು ಬೆಳಕಿನತ್ತ ಹೋಗುತ್ತದೆ. ಪೈಪಿನ ತುದಿ ತೂತಿಗೆ ಇಟ್ಟು ಆರೇಳು ಸಲ ಜೋರಾಗಿ ಹಿಸುಕಿ, ಪೈಪು ಹಾಗೇ ಇಳಿಸಿ, ಓಡದೆ ಹಿಂದೆ ಸರಿದೆವು. ಗೋಡೆಯೊಳಗಿನ ಗುಂಯ್‌ಗುಡುವಿಕೆ ಅರ್ಧ ಗಂಟೆ ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ 5 ನಿಮಿಷಕ್ಕೆ 9 ಹುಳು. ಅದರ ಮಾರನೆಯ ದಿನ 2. ಆ ರಾತ್ರಿ ಇನ್ನೂ ಎರಡು ಸಲ ಹಿಸುಕಿದ್ದಕ್ಕೆ ಓಡಾಟ ನಿಂತಿತು. ನಿಂತ ಮೇಲೂ ಐದು ದಿನ ಬಿಟ್ಟೆವು. ಮುಚ್ಚಿದ ಕೋಣೆಗಳಲ್ಲಿ ಪೊರೆಹುಳು (ಕಡಜವಾಗುವ ಮೊದಲಿನ ಹಂತ) ಇರುತ್ತವೆ, ಅವುಗಳಿಗೆ ಪುಡಿ ತಾಗಿರುವುದಿಲ್ಲ. ಹೊರಬರುವ ಹುಳು ಗೂಡಿನಲ್ಲೇ ಉಳಿದ ಪುಡಿಗೆ ಸಿಕ್ಕಿ ಸಾಯಬೇಕು.

ಹಂತ 8: ಗೂಡು ಹೊರತೆಗೆದದ್ದು

ಸತ್ತ ಗೂಡನ್ನು ಗೋಡೆಯೊಳಗೇ ಬಿಟ್ಟರೆ ಮರಿಹುಳು ಕೊಳೆತು ನಾರುತ್ತವೆ, ಇರುವೆ ಸಾಲುಗಟ್ಟುತ್ತದೆ. ಅದೇ ಉಡುಪಿನಲ್ಲಿ, ಹಗಲು ಹೊತ್ತಿನಲ್ಲಿ, ಅಟ್ಟದ ಕಡೆಯಿಂದ ಹಲಗೆ ಬಿಚ್ಚಿದೆವು. ಮಾಡದ ಅಳತೆ 60 × 45 ಸೆಂ.ಮೀ., ಆಳ 25. ಗೂಡಿನ ಎತ್ತರ 34 ಸೆಂ.ಮೀ., ಐದು ಅಂತಸ್ತು. ಹೊದಿಕೆಯ ಕಾಗದದಲ್ಲಿ ಕಂದು, ಬೂದು, ಹೊಂಬಣ್ಣದ ಗೆರೆಗಳು ಚಿಪ್ಪಿನಾಕಾರದಲ್ಲಿ ಒಂದರ ಮೇಲೊಂದು: ಒಂದೊಂದು ಗೆರೆಯೂ ಬೇರೆ ಬೇರೆ ಮರದಿಂದ ಅಗಿದು ತಂದದ್ದು. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತ್ತು. ಕೋಣೆಗಳ ಬಾಯಿ ಎಲ್ಲ ಕೆಳಮುಖ, ಪೊರೆಹುಳು ಇದ್ದವಕ್ಕೆ ಬಿಳಿ ರೇಷ್ಮೆಯ ಮುಚ್ಚಳ.

ಸತ್ತ ಕಡಜದ ಮುಳ್ಳು ಒತ್ತಿದರೆ ಚುಚ್ಚುತ್ತದೆ, ಬರಿಗೈಯಲ್ಲಿ ಎತ್ತಬಾರದು. ಎಲ್ಲವನ್ನೂ ದಪ್ಪ ಚೀಲಕ್ಕೆ ತುಂಬಿ, ಬಾವಿಯಿಂದ ದೂರ, ಒಂದೂವರೆ ಅಡಿ ಆಳದಲ್ಲಿ ಹೂಳಿದೆವು. ಔಷಧಿ ತಾಗಿದ ಹುಟ್ಟನ್ನು ಕೋಳಿಗೆ ಹಾಕುವಂತಿಲ್ಲ. ಮಾಡದ ಒಳಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು. ಪೊರಕೆ ಹಿಡಿದು ಗುಡಿಸಿದರೆ ಪುಡಿ ಮನೆಯೆಲ್ಲ ಏಳುತ್ತದೆ.

ಹಂತ 9: ಬಿಲ ಮುಚ್ಚುವುದು

ಕಡಜ ಹಳೆಯ ಗೂಡನ್ನೇ ಮತ್ತೆ ಬಳಸುವುದು ಅಪರೂಪ, ಆದರೆ ಒಮ್ಮೆ ಹಿಡಿಸಿದ ಪೊಳ್ಳು ಇನ್ನೊಂದು ರಾಣಿಗೂ ಹಿಡಿಸುತ್ತದೆ. ಸಿಮೆಂಟಿನ ಸರದಿ ಬಂದದ್ದು ಈಗ. ಹೊರಗಿನ ತೂತಿಗೆ ಕಲ್ಲಿನ ಚೂರು ಸೇರಿಸಿ 1:4 (ಸಿಮೆಂಟ್ 1, ಮರಳು 4) ಗಾರೆ. ಮಾಡವನ್ನು ಮತ್ತೆ ಹಲಗೆ ಬಡಿದು ಮುಚ್ಚದೆ ತೆರೆದೇ ಬಿಟ್ಟೆವು. ಕಣ್ಣಿಗೆ ಕಾಣುವ ಜಾಗದಲ್ಲಿ ಗೂಡು ಶುರುವಾದರೆ ಅಂಗೈ ಅಗಲ ಇರುವಾಗಲೇ ಗೊತ್ತಾಗುತ್ತದೆ.

ಗೋಡೆಯ ತಲೆಗೂ ಪಕಾಸಿಗೂ ನಡುವಿನ ಸಂದಿ 12ರಿಂದ 25 ಮಿ.ಮೀ. ಇತ್ತು. ಅದನ್ನು ಗಾರೆಯಿಂದ ಮುಚ್ಚಿದರೆ ಚಾವಣಿಗೆ ಗಾಳಿಯಾಡದೆ ಮರ ಕೊಳೆತು ಕುಂಬಾಗುತ್ತದೆ, ಆದ್ದರಿಂದ ಜಾಲರಿ. ಜಾಲರಿಯ ಕಣ್ಣಿನ ಅಳತೆ ಇಲ್ಲಿ ಮುಖ್ಯ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣಜ ಸಾಕಲು ಕಟ್ಟಿದ ಜಾಲರಿಮನೆಯ ಕಣ್ಣು 7.5 ಮಿ.ಮೀ.: ಸಣ್ಣ ಕಣಜ ಹೋಗಿ ಬರಬೇಕು, ವೆಸ್ಪಾ ಟ್ರಾಪಿಕಾ ಒಳಗೆ ಬರಬಾರದು ಎಂದೇ ಹಾಗೆ ಮಾಡಿದ್ದು. ಅಂದರೆ ಕಡಜ ಮಾತ್ರ ತಡೆಯಲು ಅಷ್ಟು ಸಾಕು. ನಾವು 304 ದರ್ಜೆಯ ಸ್ಟೀಲ್ ಜಾಲರಿ, 3 ಮಿ.ಮೀ. ಕಣ್ಣಿನದು ಹಾಕಿದೆವು, ಧೂಳು ಕಟ್ಟದು, ಇಲಿಯೂ ಕಡಿಯದು. ಪ್ಲಾಸ್ಟಿಕ್ ಬಲೆಯನ್ನು ಇಲಿ ಒಂದೇ ಮಳೆಗಾಲದಲ್ಲಿ ಹರಿಯುತ್ತದೆ. ವೆಂಟಿಲೇಟರ್‌ಗಳಿಗೆ ಅಲ್ಯೂಮಿನಿಯಂ ಸೊಳ್ಳೆಬಲೆ, ಮರದ ಪಟ್ಟಿ ಕೊಟ್ಟು ಮೊಳೆ. ವೈರು, ಪೈಪು ಹೋಗುವ ತೂತುಗಳಿಗೆ ಸಿಲಿಕೋನ್.

ಹಲಸಿನ ಮರದ ಗೂಡು

ಮುಟ್ಟಿಲ್ಲ. ಮರದ ಸುತ್ತ 10 ಮೀಟರಿಗೆ ಹಗ್ಗ ಕಟ್ಟಿದ್ದೇವೆ, ಅದರೊಳಗೆ ಕಳೆ ಹೊಡೆಯುವ ಯಂತ್ರ ತರುವಂತಿಲ್ಲ. ಯಂತ್ರದ ಅದುರುವಿಕೆಗೆ ಕಡಜ ಏಳುತ್ತದೆ. ಮಕ್ಕಳು ಕಲ್ಲು ಹೊಡೆಯದಂತೆ ಹೇಳಿಟ್ಟಿದೆ. ಕೊನೆಗೌಡರಿಗೆ (ಅಡಿಕೆ ಗೊನೆ ಇಳಿಸುವವರಿಗೆ) ಮರ ಹತ್ತುವ ಮೊದಲೇ ಈ ಗೂಡನ್ನು ತೋರಿಸಿ, ಅದರ ಪಕ್ಕದ ಸಾಲಿನ ಅಡಿಕೆ ಮರಗಳಿಗೆ ಕೆಂಪು ಬಟ್ಟೆ ಕಟ್ಟಿದ್ದೇವೆ. ಆ ಮರಗಳ ಕೊನೆಯನ್ನು ಗೂಡು ಖಾಲಿಯಾದ ಮೇಲೆಯೇ ಇಳಿಸುವುದು, ಅಡಿಕೆ ಉದುರಿದರೆ ಉದುರಲಿ. ಅಡಿಕೆಗೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯುವ ಕಾಲದಲ್ಲೂ ತೋಟವನ್ನು ಹೀಗೆ ಒಂದು ಸುತ್ತು ನೋಡಿಯೇ ಜನ ಹತ್ತಿಸಬೇಕು.

ಖರ್ಚು

ಸ್ಟೀಲ್ ಜಾಲರಿ 6 ಚದರ ಅಡಿ: 540 ರೂ.
ಅಲ್ಯೂಮಿನಿಯಂ ಸೊಳ್ಳೆಬಲೆ 20 ಚದರ ಅಡಿ: 440
ಮರದ ಪಟ್ಟಿ, ಮೊಳೆ: 180
ಸಿಮೆಂಟ್, ಮರಳು: 150
ಸಿಲಿಕೋನ್ ಒಂದು ಟ್ಯೂಬ್: 220
ಪುಡಿ, ಊದುವ ಡಬ್ಬಿ, ಪೈಪು: 650
ಸ್ಪ್ರೇ ಎರಡು ಡಬ್ಬಿ (ವ್ಯರ್ಥ): 400
ಕೈಗವಸು, ಟೇಪು: 350
ಸೋಪು, ಗ್ರೋಮೆಟ್, ವಾಷರ್: 60
ಒಟ್ಟು 2,990 ರೂ. ಮುಸುಕಿನ ಅಂಗಿ ಮೊದಲೇ ಇತ್ತು.

ಬಾಕಿ: ಬಚ್ಚಲೊಲೆಯ ಹೊಗೆಗಂಡಿಗೆ ಜಾಲರಿ ಹಾಕಿಲ್ಲ. 3 ಮಿ.ಮೀ. ಕಣ್ಣು ಮಸಿ ಕಟ್ಟಿ ಹೊಗೆ ಒಳಗೆ ತಿರುಗುತ್ತದೆ. ಅಲ್ಲಿಗೆ 7 ಮಿ.ಮೀ. ಕಣ್ಣಿನ, ಬಿಚ್ಚಿ ತೊಳೆಯಲು ಬರುವ ಚೌಕಟ್ಟು ಮಾಡಿಸಲು ಸಾಗರದ ವೆಲ್ಡಿಂಗ್ ಅಂಗಡಿಗೆ ಅಳತೆ ಕೊಟ್ಟಿದೆ: 30 × 22 ಸೆಂ.ಮೀ., ನಾಲ್ಕು ಮೂಲೆಗೆ ತಿರುಪು.